ತುಕ್ಕಿಗೆ ಹೆದರಬೇಡಿ, ಬಿರುಕು ಹುಡುಕಿ

ಪ್ರಶ್ನೆ: ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಸಣ್ಣ ಅಡಿಕೆ ತೋಟ. ಹಳೆ ಹಟ್ಟಿ, ಅಂದರೆ ದನದ ಕೊಟ್ಟಿಗೆ, ಖಾಲಿ ಬಿದ್ದಿದೆ. ಅದರಲ್ಲೇ ಮರದ ಕೆಲಸ, ಸಣ್ಣಪುಟ್ಟ ಕಬ್ಬಿಣದ ಕೆಲಸ ಮಾಡಿಕೊಳ್ಳಲು ಒಂದು ವರ್ಕ್‌ಶಾಪ್ ಮಾಡುವ ಆಸೆ. ಹೊಸ ಸಾಮಾನಿನ ರೇಟು ಕೇಳಿದರೆ ತಲೆ ತಿರುಗುತ್ತದೆ. ಕುಂಬಳೆ ಕಡೆಯ ಒಂದು ಗುಜರಿಯಲ್ಲಿ ದೊಡ್ಡ ಬೆಂಚ್ ವೈಸ್ (ಸಾಮಾನನ್ನು ಬಿಗಿದು ಹಿಡಿಯುವ ಇಕ್ಕಳ) ನೋಡಿದೆ. ಸ್ಕ್ರೂ ಜಾಮ್ ಆಗಿದೆ, ಬಾಯಿಯ ಪಟ್ಟಿ ಒಂದಿಲ್ಲ, ಮೈಯೆಲ್ಲ ತುಕ್ಕು. ಅಲ್ಲೇ ಒಂದು ಕಬ್ಬಿಣದ ಕೀಸುಳಿ, ನಾಲ್ಕೈದು ಉಳಿ, ಒಂದು ಬೆಂಚ್ ಗ್ರೈಂಡರ್ (ಸಾಣೆ ಕಲ್ಲಿನ ಮೆಷಿನ್) ಕೂಡ ಉಂಟು. ತೆಗೆದುಕೊಳ್ಳಬಹುದಾ? ತುಕ್ಕು ತೆಗೆಯುವುದು ಹೇಗೆ? ನಮ್ಮ ಮಳೆಗಾಲದಲ್ಲಿ ಮತ್ತೆ ತುಕ್ಕು ಹಿಡಿಯದ ಹಾಗೆ ಇಡಲು ಸಾಧ್ಯವಾ?

ಉತ್ತರ: ವೈಸ್ ತೆಗೆದುಕೊಳ್ಳಿ, ಆದರೆ ಕೆಳಗೆ ಹೇಳುವ ಪರೀಕ್ಷೆ ಮಾಡಿದ ಮೇಲೆ. ಉಳಿಗಳಲ್ಲಿ ಒಂದೆರಡು ಖಂಡಿತ ಒಳ್ಳೆಯದಿರುತ್ತದೆ, ಆರಿಸಿಕೊಳ್ಳಬೇಕು. ಕೀಸುಳಿ ಅರ್ಧಕ್ಕರ್ಧ ಅದೃಷ್ಟ. ಗ್ರೈಂಡರ್ ವಿಷಯ ಬೇರೆಯೇ, ಅದನ್ನು ಕೊನೆಗೆ ಹೇಳುತ್ತೇನೆ.

ಗುಜರಿಗೆ ಹೊಸದಾಗಿ ಹೋಗುವವರೆಲ್ಲ ಮೊದಲು ನೋಡುವುದು ತುಕ್ಕನ್ನು. ಕೆಂಪಗೆ ಕಂಡರೆ ಬೇಡ ಎನ್ನುತ್ತಾರೆ. ಬಣ್ಣ ಬಳಿದು ಹೊಳೆಯುತ್ತಿದ್ದರೆ ಕೈ ಹಾಕುತ್ತಾರೆ. ಇದು ತಲೆಕೆಳಗಾದ ಲೆಕ್ಕ. ಐದು ಇಂಚಿನ ವೈಸಿನ ಮೈ ಅಲ್ಲಲ್ಲಿ ಬೆರಳು ದಪ್ಪ, ಅದಕ್ಕಿಂತ ಜಾಸ್ತಿಯೂ ಇರುತ್ತದೆ. ಅದರ ಮೇಲೆ ಅರ್ಧ ಮಿಲಿಮೀಟರ್ ತುಕ್ಕು ತಿಂದರೂ ಕೆಲಸಕ್ಕೆ ಏನೂ ಆಗುವುದಿಲ್ಲ. ಎರಡು ದಿನ, ಒಂದಿಷ್ಟು ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಖರ್ಚು, ಅಷ್ಟೇ. ನಿಜವಾಗಿ ದುಡ್ಡು ತಿನ್ನುವುದು ಬೇರೆ ನಾಲ್ಕು: ಬಿರುಕು, ಹಿಂದೆ ಯಾರೋ ಮಾಡಿದ ವೆಲ್ಡಿಂಗ್, ಸವೆದುಹೋದ ತ್ರೆಡ್, ಎಲ್ಲೂ ಸಿಗದ ಬಿಡಿಭಾಗ. ಹೊಸ ಬಣ್ಣದ ಕೆಳಗೆ ಈ ನಾಲ್ಕೂ ಚೆನ್ನಾಗಿ ಅಡಗಿ ಕೂರುತ್ತವೆ. ತುಕ್ಕಿನ ಕೆಳಗೆ ಅಡಗುವುದು ಕಷ್ಟ. ಹಾಗಾಗಿ ಬಣ್ಣ ಬಳಿದದ್ದಕ್ಕಿಂತ ತುಕ್ಕು ಹಿಡಿದದ್ದೇ ನನಗೆ ಇಷ್ಟ.

ಈಗ ನಿಮ್ಮ ವೈಸ್. ಬೆಂಚ್ ವೈಸುಗಳು ಹೆಚ್ಚಾಗಿ ಬೀಡಿನವು, ಅಂದರೆ ಎರಕದ ಕಬ್ಬಿಣ. ಬೀಡು ಒತ್ತಡ ತಡೆಯುತ್ತದೆ, ಏಟು ತಡೆಯುವುದಿಲ್ಲ. ಬಗ್ಗುವ ಸ್ವಭಾವ ಇಲ್ಲ, ಒಡೆಯುತ್ತದೆ. ಗುಜರಿಯಲ್ಲಿ ಲಾರಿಯಿಂದ ಕೆಳಗೆ ಎಸೆಯುವಾಗಲೇ ಎಷ್ಟೋ ಒಳ್ಳೆ ವೈಸುಗಳು ಸೀಳುತ್ತವೆ. ಬಿರುಕು ಬರುವ ಜಾಗ ಗೊತ್ತಿದ್ದರೆ ಹುಡುಕುವುದು ಸುಲಭ. ಒಂದು, ಬೆಂಚಿಗೆ ಬೋಲ್ಟ್ ಹಾಕುವ ಕಿವಿಗಳ ಬುಡ. ಎರಡು, ಬಾಯಿಯ ಪಟ್ಟಿ ಕೂರುವ ಜಾಗದ ಕೆಳಗಿನ ಮೂಲೆ. ಮೂರು, ಮುಂದೆ ಹಿಂದೆ ಜಾರುವ ಭಾಗ ಹೊಕ್ಕುವ ಚೌಕ ರಂಧ್ರದ ಮೂಲೆಗಳು. ನಾಲ್ಕು, ಹಿಂಬದಿಯಲ್ಲಿ ಕಮ್ಮಾರರ ಸಣ್ಣ ಅಡಿಗಲ್ಲಿನ ಹಾಗೆ ಚಪ್ಪಟೆ ಜಾಗ ಇರುತ್ತದಲ್ಲ, ಅದರ ಬುಡ. ಅದರ ಮೇಲೆ ಸುತ್ತಿಗೆ ಬಡಿದವರೇ ಜಾಸ್ತಿ.

ಪರೀಕ್ಷೆಗೆ ಬೇಕಾದದ್ದು ಒಂದು ವೈರ್ ಬ್ರಶ್, ಒಂದು ತುಂಡು ಬಟ್ಟೆ, ಸಣ್ಣ ಬಾಟಲಿಯಲ್ಲಿ ಚಿಮಿಣಿ ಎಣ್ಣೆ, ಒಂದು ಚಾಕ್‌ಪೀಸ್. ಚಿಮಿಣಿ ಎಣ್ಣೆ ಈಗ ರೇಷನ್ನಿನಲ್ಲೂ ಸರಿಯಾಗಿ ಸಿಗುವುದಿಲ್ಲ, ಡೀಸೆಲ್ ಆದರೂ ನಡೆಯುತ್ತದೆ. ಅನುಮಾನದ ಜಾಗವನ್ನು ಬ್ರಶ್ಶಿನಲ್ಲಿ ಉಜ್ಜಿ. ಎಣ್ಣೆ ಹಚ್ಚಿ ಐದು ನಿಮಿಷ ಬಿಡಿ. ಆಮೇಲೆ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಮೇಲೆ ಒಣಗಬೇಕು. ಈಗ ಚಾಕ್‌ಪೀಸನ್ನು ಅಡ್ಡ ಹಿಡಿದು ಆ ಜಾಗಕ್ಕೆಲ್ಲ ಬೆಳ್ಳಗೆ ಬಳಿಯಿರಿ. ಬಿರುಕು ಇದ್ದರೆ ಒಳಗೆ ಇಳಿದ ಎಣ್ಣೆ ಮೆಲ್ಲಗೆ ಹೊರಗೆ ಬಂದು ಚಾಕಿನ ಪುಡಿಯನ್ನು ನೆನೆಸುತ್ತದೆ. ಬಿಳಿ ಮೇಲೆ ಕೂದಲಿನಷ್ಟು ತೆಳ್ಳಗಿನ ಕಪ್ಪು ಗೆರೆ ಮೂಡುತ್ತದೆ. ಬರೀ ಗೀರು ಆಗಿದ್ದರೆ ಮೂಡುವುದಿಲ್ಲ. ಗೆರೆ ಕಂಡರೆ ಅದು ಎಷ್ಟೇ ಹೆಸರುವಾಸಿ ಕಂಪನಿಯದ್ದಾಗಿರಲಿ, ಕೆಳಗಿಟ್ಟು ಬನ್ನಿ. ಬೀಡನ್ನು ವೆಲ್ಡ್ ಮಾಡಬಹುದು, ನಿಕ್ಕಲ್ ರಾಡಿನಲ್ಲಿ, ಮೊದಲೇ ಬಿಸಿ ಮಾಡಿ, ಆಮೇಲೆ ಬೂದಿಯಲ್ಲಿ ಹೂತು ನಿಧಾನ ತಣಿಸಿ. ಹಾಗೆ ಮಾಡಬಲ್ಲವರು ಕಡಿಮೆ. ಮಾಡಿದರೂ ಬಲವಾಗಿ ಬಿಗಿಯುವ ವೈಸಿಗೆ ಅದನ್ನು ನಂಬುವುದು ನನಗೆ ಸರಿ ಕಾಣುವುದಿಲ್ಲ.

ಸ್ಕ್ರೂ ಜಾಮ್ ಆಗಿದೆ ಎಂದಿದ್ದೀರಿ. ಅದು ನಿಮಗೆ ಲಾಭವೇ, ಯಾಕೆಂದರೆ ಅಂಗಡಿಯವರು ಅದನ್ನು ಸತ್ತ ಮಾಲು ಎಂದು ಲೆಕ್ಕ ಹಾಕುತ್ತಾರೆ. ಆದರೆ ತಿರುಗದ ಸ್ಕ್ರೂವಿನ ತ್ರೆಡ್ ಎಷ್ಟು ಸವೆದಿದೆ ಎಂದು ಅಲ್ಲಿ ನಿಂತು ಹೇಳಲು ಆಗುವುದಿಲ್ಲ. ಒಂದು ಉಪಾಯ ಉಂಟು. ವೈಸಿನ ಬಾಯಿ ಸ್ವಲ್ಪ ತೆರೆದಿದ್ದರೆ ಅಡಿಯಿಂದ ಟಾರ್ಚ್ ಹಾಕಿ ನೋಡಿ. ತ್ರೆಡ್ಡಿನ ಏಣು ಚೌಕವಾಗಿ, ದಪ್ಪಗೆ ಇದ್ದರೆ ಒಳ್ಳೆಯದು. ಚಾಕುವಿನ ಬಾಯಿಯ ಹಾಗೆ ಚೂಪಾಗಿದ್ದರೆ ಸವೆದಿದೆ. ಸ್ಕ್ರೂ ಸವೆದಿದ್ದರೆ ಒಳಗಿನ ನಟ್ಟು ಅದಕ್ಕಿಂತ ಮೊದಲೇ ಹೋಗಿರುತ್ತದೆ. ಹೊಸ ನಟ್ಟು ಲೇತಿನಲ್ಲಿ ಮಾಡಿಸಿದರೆ ವೈಸಿಗೆ ಕೊಟ್ಟದ್ದಕ್ಕಿಂತ ಜಾಸ್ತಿ ಬಿಲ್ ಬರಬಹುದು. ಬಾಯಿಯ ಪಟ್ಟಿ ಇಲ್ಲದಿರುವುದು ದೊಡ್ಡ ಸಂಗತಿಯೇ ಅಲ್ಲ. ಹತ್ತು ಮಿಲಿಮೀಟರ್ ದಪ್ಪದ ಕಬ್ಬಿಣದ ಫ್ಲಾಟ್ ಪಟ್ಟಿಯ ತುಂಡು, ಎರಡು ತೂತು, ಎರಡು ಸ್ಕ್ರೂ. ಯಾವ ಲೇತ್ ಅಂಗಡಿಯಲ್ಲೂ ಮಾಡಿಕೊಡುತ್ತಾರೆ.

ಆ ಸ್ಕ್ರೂ ವಿಷಯದಲ್ಲಿ ಒಂದು ಎಚ್ಚರ. ಹಳೆ ವೈಸಿನಲ್ಲಿರುವುದು ಇಂಚಿನ ಅಳತೆ. ನಮ್ಮ ದೇಶ ಮೆಟ್ರಿಕ್ ಅಳತೆಗೆ ಕಾನೂನು ಮಾಡಿದ್ದು 1956ರಲ್ಲಿ. ಅದಕ್ಕೂ ಹಿಂದಿನ ಮಾಲು, ಇಂಗ್ಲೆಂಡಿನಿಂದ ಬಂದ ಮಾಲು ಹೆಚ್ಚಾಗಿ ವಿಟ್‌ವರ್ತ್ ಎಂಬ ಹಳೆ ಇಂಗ್ಲಿಷ್ ಅಳತೆಯ ತ್ರೆಡ್ಡಿನದು. ನಾಲ್ಕು ನೂಲಿನ, ಅಂದರೆ ಅರ್ಧ ಇಂಚಿನ, ವಿಟ್‌ವರ್ತ್ ಬೋಲ್ಟಿಗೆ ಇಂಚಿಗೆ 12 ಸುತ್ತು. ಯುಎನ್‌ಸಿ ಎಂಬ ಅಮೆರಿಕದ ಅಳತೆಯ ಬೋಲ್ಟಿಗೆ 13 ಸುತ್ತು. ಈಗಿನ ಹನ್ನೆರಡು ಎಂಎಂ ಬೋಲ್ಟು ಅದರೊಳಗೆ ಒಂದೆರಡು ಸುತ್ತು ಹೋಗಿ ನಿಲ್ಲುತ್ತದೆ. ಸ್ಪ್ಯಾನರ್ ಹಾಕಿ ಒತ್ತಾಯ ಮಾಡಿದರೆ ಬೀಡಿನ ಒಳಗಿನ ತ್ರೆಡ್ ಕಿತ್ತು ಬರುತ್ತದೆ. ಹೊಸ ಬೋಲ್ಟ್ ತರುವ ಮುಂಚೆ ಹಳೆಯದನ್ನು ಕಿಸೆಯಲ್ಲಿ ಹಾಕಿಕೊಂಡು ಹೋಗಿ ಜೋಡಿಸಿ ನೋಡಿ. ಸ್ಟಾನ್ಲಿ ಕಂಪನಿಯ ಕೀಸುಳಿಯ ಕೆಲವು ಸ್ಕ್ರೂಗಳಂತೂ ಯಾವ ಸಾಮಾನ್ಯ ಅಳತೆಗೂ ಸೇರಿದವಲ್ಲ. ಅದರ ಸ್ಕ್ರೂ ಕಾಣೆಯಾಗಿದ್ದರೆ ಇನ್ನೊಂದು ಹಾಳಾದ ಸ್ಟಾನ್ಲಿಯಿಂದಲೇ ತೆಗೆಯಬೇಕು.

ಇಷ್ಟು ನೋಡಿ ಸರಿ ಎನಿಸಿದರೆ ರೇಟು ಮಾತಾಡಿ. ನಮ್ಮ ಕಡೆಯ ಅಂಗಡಿಗಳಲ್ಲಿ ಬೋರ್ಡ್ ಮಲಯಾಳದಲ್ಲಿ ಆಕ್ರಿ ಎಂದಿದ್ದರೂ ಒಳಗೆ ತುಳು, ಬ್ಯಾರಿ, ಕನ್ನಡ ಎಲ್ಲ ನಡೆಯುತ್ತದೆ. ಮಾಲನ್ನು ರಾಶಿ ರಾಶಿಯಾಗಿ ಬೇರ್ಪಡಿಸಿರುತ್ತಾರೆ: ಬೀಡು ಒಂದು ಕಡೆ, ಕಬ್ಬಿಣ ಒಂದು ಕಡೆ, ತಗಡು, ಹಿತ್ತಾಳೆ, ತಾಮ್ರ, ಅಲ್ಯೂಮಿನಿಯಂ ಒಂದೊಂದು ಕಡೆ. ಮೊದಲು "ಕಾಕ, ಬೀಡು ಕಿಲೋಗೆ ಹೇಗೆ?" ಎಂದು ಕೇಳಿ. ವೈಸಿನ ರೇಟು ಆಮೇಲೆ. ಅವರೂ ಕಡಿಮೆಯವರಲ್ಲ. ನೀವು ಟಾರ್ಚ್, ಚಾಕ್‌ಪೀಸ್ ತೆಗೆದ ಕೂಡಲೇ ಅವರಿಗೆ ಗೊತ್ತಾಗುತ್ತದೆ, ಈ ಜನ ಕರಗಿಸಲಿಕ್ಕೆ ಕೊಳ್ಳುವವರಲ್ಲ ಅಂತ. ಗುಜರಿ ರೇಟಿನ ಎರಡು ಪಟ್ಟು ಕೊಟ್ಟರೂ ನಿಮಗೆ ನಷ್ಟವಿಲ್ಲ. ತೀರಾ ಹಿಂಡಬೇಡಿ. ಮುಂದಿನ ಸಲ ಒಳ್ಳೆ ಮಾಲು ಬಂದಾಗ ಫೋನ್ ಮಾಡುವುದು ಯಾರಿಗೆ? ನಾಲ್ಕು ರೂಪಾಯಿ ಜಾಸ್ತಿ ಕೊಟ್ಟವರಿಗೆ ಅಲ್ವಾ?

ಯಾವಾಗ ಹೋಗಬೇಕು ಎನ್ನುವುದೂ ಮುಖ್ಯ. ರಾಶಿ ಲಾರಿಗೆ ಲೋಡ್ ಆಗುವ ಮುಂಚೆ ದೊಡ್ಡ ಬೀಡಿನ ಮಾಲನ್ನು ಕೂಡಂ, ಅಂದರೆ ದೊಡ್ಡ ಸುತ್ತಿಗೆ, ಹಿಡಿದು ಒಡೆಯುತ್ತಾರೆ, ಜಾಗ ಉಳಿಯಲಿ ಅಂತ. ಲೋಡ್ ಯಾವ ದಿನ ಎಂದು ಕೇಳಿಟ್ಟುಕೊಳ್ಳಿ. ಅದಕ್ಕೆ ಎರಡು ದಿನ ಮುಂಚೆ ಹೋದರೆ ರಾಶಿ ದೊಡ್ಡದಿರುತ್ತದೆ, ಇನ್ನೂ ಏನೂ ಒಡೆದಿರುವುದಿಲ್ಲ. ವರ್ಷದಲ್ಲಿ ಒಳ್ಳೆ ಕಾಲ ಎಂದರೆ ಫೆಬ್ರವರಿಯಿಂದ ಮೇ. ಹಳೆ ಹಂಚಿನ ಮನೆ ಕೆಡವುವುದು, ಹಳೆ ಮಿಲ್ಲು ಖಾಲಿ ಮಾಡುವುದು ಎಲ್ಲ ಆಗಲೇ. ಆಚಾರಿಗಳ ಪೆಟ್ಟಿಗೆ ಪೂರ್ತಿ ಬಂದು ಬೀಳುವುದೂ ಆ ತಿಂಗಳುಗಳಲ್ಲೇ. ಕಾಸರಗೋಡಿನ ವಿದ್ಯಾನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಸುತ್ತಮುತ್ತ, ಮಂಗಳೂರಿನ ಬಂದರು ಪೇಟೆ, ಬೈಕಂಪಾಡಿ ಕಡೆ ನೋಡುವುದು ಒಳ್ಳೆಯದು. ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಆಮೇಲೆ ನದಿ ದಂಡೆಯಲ್ಲಿ ಹಂಚಿನ ಕಾರ್ಖಾನೆಗಳು ಸಾಲು ಸಾಲಾಗಿ ಎದ್ದವು. ಮೆಷಿನ್ ಇಟ್ಟುಕೊಂಡ ಕಾರ್ಖಾನೆಗೆ ರಿಪೇರಿಯ ಶೆಡ್ಡೂ ಬೇಕು, ಶೆಡ್ಡಿಗೆ ವೈಸೂ ಬೇಕು. ಹೆಚ್ಚಿನವು ಈಗ ಮುಚ್ಚಿವೆ. ಇಂಗ್ಲೆಂಡಿನ ಶೆಫೀಲ್ಡಿನ ರೆಕಾರ್ಡ್ ಕಂಪನಿಯ ವೈಸ್ ಇಲ್ಲಿನ ಗುಜರಿಯಲ್ಲಿ ಕಂಡರೆ ಆಶ್ಚರ್ಯ ಪಡಬೇಕಾಗಿಲ್ಲ.

ಒಂದು ಮಾತ್ರ ಮರೆಯಬೇಡಿ, ಬಿಲ್ ಕೇಳಿ. ರೈಲು ಕಂಬಿಯ ತುಂಡು ಒಳ್ಳೆ ಅಡಿಗಲ್ಲು ಆಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಆಗುವುದು ನಿಜ. ಆದರೆ ಕದ್ದ ರೈಲ್ವೆ ಮಾಲು ಎಂಬ ಅನುಮಾನ ಬಂದರೆ ಅದು ನಿಮ್ಮ ಕೈಗೆ ಹೇಗೆ ಬಂತು ಎಂದು ನೀವೇ ತೋರಿಸಬೇಕು. ಅದಕ್ಕೆಂದೇ 1966ರ ಕಾನೂನು ಉಂಟು. ಹರಾಜಿನಲ್ಲಿ ಬಂದ ಮಾಲಾದರೆ ಅಂಗಡಿಯವರ ಹತ್ತಿರ ಕಾಗದ ಇರುತ್ತದೆ. ಮಂಗಳೂರಿನವರೆಗೆ ರೈಲು ಬಂದದ್ದು 1907ರಲ್ಲಿ. ಸೌತ್ ಇಂಡಿಯನ್ ರೈಲ್ವೆ 1951ರಲ್ಲಿ ಸದರ್ನ್ ರೈಲ್ವೆಯೊಳಗೆ ಸೇರಿತು. ಹಾಗಾಗಿ ಹಳೆ ಸುತ್ತಿಗೆ, ಸ್ಪ್ಯಾನರಿನ ಮೇಲೆ ಎಸ್‌ಐಆರ್ ಎಂದು ಒತ್ತಿದ್ದು ಕಂಡರೆ ಅದು 1951ಕ್ಕೂ ಹಿಂದಿನದು ಎಂದುಕೊಳ್ಳಬಹುದು. ನೋಡಲಿಕ್ಕೆ ಖುಷಿ. ಬಿಲ್ ಅದಕ್ಕೂ ಬೇಕು.

ಉಳಿಗಳಲ್ಲಿ ನೋಡಬೇಕಾದದ್ದು ಬೆನ್ನು, ಅಂದರೆ ಚಪ್ಪಟೆ ಬದಿ. ಬಾಯಿಯ ಹತ್ತಿರದ ಒಂದು ಇಂಚಿನಲ್ಲಿ ಆಳವಾದ ತುಕ್ಕಿನ ಗುಳಿ ಇದ್ದರೆ ಬಿಟ್ಟುಬಿಡಿ. ಎಷ್ಟು ಸಾಣೆ ಹಿಡಿದರೂ ಗುಳಿ ಬಾಯಿಗೆ ಬಂದಾಗೆಲ್ಲ ಅಲ್ಲೊಂದು ಹಲ್ಲು ಬೀಳುತ್ತದೆ. ಗುಳಿ ಮೇಲ್ಭಾಗದಲ್ಲಿದ್ದರೆ ತೊಂದರೆ ಇಲ್ಲ. ಬಾಯಿಯ ಹತ್ತಿರ ನೀಲಿ ಬಣ್ಣ ಕಂಡರೆ ಯಾರೋ ಗ್ರೈಂಡರಿಗೆ ಒತ್ತಿ ಹದ ಕಳೆದಿದ್ದಾರೆ. ಉಕ್ಕು 300 ಡಿಗ್ರಿ ಹತ್ತಿರ ಹೋದಾಗ ಆ ನೀಲಿ ಬರುತ್ತದೆ. ಹಳೆ ಅರ ಒಂದನ್ನು ಜೊತೆಗೆ ಒಯ್ಯಿರಿ. ಬಾಯಿಯ ಹತ್ತಿರ ಮೆಲ್ಲಗೆ ಎಳೆದರೆ ಅರ ಕಚ್ಚದೆ ಜಾರಬೇಕು, ಆಗ ಹದ ಉಂಟು. ಕಚ್ಚಿದರೆ ಮೆತ್ತಗಾಗಿದೆ, ಒಳ್ಳೆ ಕಮ್ಮಾರರ ಹತ್ತಿರ ಮತ್ತೆ ಹದ ಹಾಕಿಸಬೇಕು. ಹಳೆ ಶೆಫೀಲ್ಡ್ ಉಳಿಯ ಮೇಲೆ ‘ಕ್ಯಾಸ್ಟ್ ಸ್ಟೀಲ್’ ಎಂದು ಒತ್ತಿದ್ದರೆ ಬೀಡು ಎಂದುಕೊಂಡು ಬಿಡಬೇಡಿ. ಅದು ಮೂಸೆಯಲ್ಲಿ ಕರಗಿಸಿ ಮಾಡಿದ ಉಕ್ಕು, ಬಾಯಿ ಚೆನ್ನಾಗಿ ನಿಲ್ಲುತ್ತದೆ. ಹಿಡಿ ಇಲ್ಲದಿದ್ದರೆ ಚಿಂತೆ ಬೇಡ. ಹಿಡಿಗೆ ಪೇರಳೆ ಅಥವಾ ಹುಣಸೆ ಒಳ್ಳೆಯದು. ತೇಗ ನೋಡಲಿಕ್ಕೆ ಚೆಂದ, ಏಟಿಗೆ ಸೀಳುತ್ತದೆ. ಹಿಡಿಯ ತುದಿಗೆ ಅಣಸು ಹಾಕಲು ಜಿಐ ಪೈಪಿನ ತುಂಡು ಸಾಕು.

ಕೀಸುಳಿಯಲ್ಲಿ ಎರಡೇ ಜಾಗ. ತಳದಲ್ಲಿ ಅಲಗು ಹೊರಬರುವ ಬಾಯಿಯ ಮೂಲೆ, ಮತ್ತು ಪಕ್ಕದ ತೆಳ್ಳಗಿನ ಗೋಡೆ. ಅಲ್ಲಿ ಬಿರುಕಿಲ್ಲದಿದ್ದರೆ, ಅಲಗಿನಲ್ಲಿ ಇನ್ನೂ ಉದ್ದ ಉಳಿದಿದ್ದರೆ ತೆಗೆದುಕೊಳ್ಳಿ. ತಳ ಸ್ವಲ್ಪ ಬಗ್ಗಿದ್ದರೂ ದಪ್ಪ ಗಾಜಿನ ಮೇಲೆ 80 ನಂಬರ್ ಎಮರಿ ಪೇಪರ್ ಅಂಟಿಸಿ ಉಜ್ಜಿದರೆ ಸಮವಾಗುತ್ತದೆ. ಉಜ್ಜುವಾಗ ಅಲಗು ಅದರ ಜಾಗದಲ್ಲೇ ಬಿಗಿದಿರಲಿ, ಅಲಗಿನ ಬಾಯಿ ಮಾತ್ರ ತಳಕ್ಕೆ ತಾಗದಂತೆ ಮೇಲೆ ಎಳೆದುಕೊಂಡಿರಲಿ. ಬಿಗಿತಕ್ಕೆ ತಳ ಕೂದಲಿನಷ್ಟು ಬಾಗುತ್ತದೆ, ಕೆಲಸದಲ್ಲೂ ಹಾಗೇ ಬಾಗಿರುತ್ತದೆ.

ಇನ್ನು ತುಕ್ಕು ತೆಗೆಯುವುದು. ಎಲ್ಲಕ್ಕಿಂತ ಮುಂಚೆ ಜಾಮ್ ಆದ ಸ್ಕ್ರೂ ಬಿಡಿಸಬೇಕು. ಹಿಡಿಗೆ ಪೈಪ್ ಹಾಕಿ ತಿರುಗಿಸುವ ಯೋಚನೆ ಬೇಡವೇ ಬೇಡ, ಸ್ಕ್ರೂವಿನ ತಲೆ ಮುರಿಯುತ್ತದೆ. ವಾಹನದ ಪವರ್ ಸ್ಟೇರಿಂಗಿಗೆ ಹಾಕುವ ಎಟಿಎಫ್ ಎಣ್ಣೆ ಅರ್ಧ, ಅಸಿಟೋನ್ ಅರ್ಧ ಕಲಕಿ ತ್ರೆಡ್ಡಿಗೆ ಬಿಡಿ. ಎರಡೂ ಬೇಗ ಬೇರೆಯಾಗುತ್ತವೆ, ಬಿಡುವ ಮುಂಚೆ ಪ್ರತಿ ಸಲ ಕುಲುಕಬೇಕು. ಒಂದು ವಾರ ದಿನಕ್ಕೆರಡು ಸಲ ಹಾಕುತ್ತಾ, ಮರದ ಸುತ್ತಿಗೆಯಲ್ಲಿ ಸುತ್ತಲೂ ಮೆಲ್ಲಗೆ ತಟ್ಟುತ್ತಾ ಇರಿ. ಆಮೇಲೆ ತೆರೆಯುವ ಕಡೆಗಲ್ಲ, ಮೊದಲು ಬಿಗಿಯುವ ಕಡೆಗೆ ಸ್ವಲ್ಪ ಅಲುಗಿಸಿ. ಕೂದಲೆಳೆಯಷ್ಟು ಅಲುಗಿದರೆ ಗೆದ್ದಿರಿ. ಆಗಲೂ ಬಾರದಿದ್ದರೆ ಅಸಿಟೋನಿನ ವಾಸನೆ ಪೂರ್ತಿ ಹೋದ ಮೇಲೆ, ಬಯಲಲ್ಲಿ, ನಟ್ಟಿನ ಭಾಗವನ್ನು ಬ್ಲೋ ಲ್ಯಾಂಪಿನಲ್ಲಿ ಬಿಸಿ ಮಾಡಿ. ಕೆಂಪಗಾಗುವುದು ಬೇಡ, ಮೇಣ ಕರಗುವಷ್ಟು ಸಾಕು. ಬೆಂಕಿ ತೆಗೆದು ಮೇಣದ ಬತ್ತಿಯನ್ನು ತ್ರೆಡ್ಡಿಗೆ ತಾಗಿಸಿ. ಕರಗಿದ ಮೇಣ ಒಳಗೆ ಎಳೆದುಕೊಳ್ಳುತ್ತದೆ. ಎಷ್ಟೋ ಸಲ ಎಣ್ಣೆ ಸೋತಲ್ಲಿ ಮೇಣ ಗೆಲ್ಲುತ್ತದೆ.

ಬಿಚ್ಚುವಾಗ ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಸ್ಪ್ಲಿಟ್ ಪಿನ್, ವಾಷರ್, ಸ್ಪ್ರಿಂಗ್ ಯಾವ ಕ್ರಮದಲ್ಲಿತ್ತು ಎಂಬುದು ಮೂರು ದಿನ ಕಳೆದರೆ ಯಾರಿಗೂ ನೆನಪಿರುವುದಿಲ್ಲ. ಹಳೆ ಬಣ್ಣವನ್ನು ಒಣಗಿದ ಹಾಗೇ ಕೆರೆಯಬೇಡಿ. ನಮ್ಮಲ್ಲಿ ಮನೆಯ ಬಣ್ಣಗಳಲ್ಲಿ ಸೀಸಕ್ಕೆ ಮಿತಿ ಹಾಕಿದ ನಿಯಮ ಬಂದದ್ದೇ 2016ರಲ್ಲಿ. ಹಳೆ ಕೆಂಪು, ಹಸಿರು ಬಣ್ಣಗಳಲ್ಲಿ ಸೀಸ ಇದೆ ಎಂದೇ ತಿಳಿದುಕೊಳ್ಳಿ. ನೀರು ಚಿಮುಕಿಸಿ ಒದ್ದೆ ಮಾಡಿ ಕೆರೆಯಿರಿ, ಮಾಸ್ಕ್ ಇರಲಿ, ಮಕ್ಕಳು ಹತ್ತಿರ ಬಾರದಿರಲಿ. ಕೆರೆದದ್ದನ್ನು ಅಂಗಳಕ್ಕೆ, ತೋಟಕ್ಕೆ ಎಸೆಯಬೇಡಿ.

ಸಣ್ಣ ಭಾಗಗಳಿಗೆ ನಿಂಬೆ ಉಪ್ಪು ಸಾಕು. ದಿನಸಿ ಅಂಗಡಿಯಲ್ಲೇ ಸಿಗುತ್ತದೆ. ಲೀಟರ್ ನೀರಿಗೆ 50 ಗ್ರಾಂ ಹಾಕಿ, ಭಾಗ ಪೂರ್ತಿ ಮುಳುಗಬೇಕು. ಅರ್ಧ ಹೊರಗಿದ್ದರೆ ನೀರಿನ ಮಟ್ಟದಲ್ಲಿ ಗೆರೆ ಕೊರೆದುಬಿಡುತ್ತದೆ. ಎರಡು ಮೂರು ಗಂಟೆಗೊಮ್ಮೆ ತೆಗೆದು ಸ್ಕ್ರಬ್ಬರಿನಲ್ಲಿ ಉಜ್ಜಿ ನೋಡಿ. ರಾತ್ರಿ ಹಾಕಿ ಬೆಳಿಗ್ಗೆ ಮರೆತರೆ ಕಬ್ಬಿಣವನ್ನೂ ತಿನ್ನಲು ಶುರುಮಾಡುತ್ತದೆ. ಬೀಡಾದರೆ ಮೈಯೆಲ್ಲ ಕಪ್ಪು ಮಸಿ ಬಿಡುತ್ತದೆ. ತೆಗೆದ ಮೇಲೆ ನೀರಲ್ಲಿ ತೊಳೆದು, ವಾಷಿಂಗ್ ಸೋಡಾ ನೀರಲ್ಲಿ ಅದ್ದಿ, ಕೂಡಲೇ ಒರೆಸಿ, ಬಿಸಿಲಿಗಿಟ್ಟು, ಬಿಸಿ ಇರುವಾಗಲೇ ಎಣ್ಣೆ ಹಚ್ಚಿ. ನಡುವೆ ಚಾ ಕುಡಿಯಲು ಹೋದರೆ ಬರುವಷ್ಟರಲ್ಲಿ ಮೈಮೇಲೆ ಕಿತ್ತಳೆ ಬಣ್ಣದ ಹೊಸ ತುಕ್ಕು ಎದ್ದಿರುತ್ತದೆ. ಬಿಂಬುಳಿ, ಹುಣಸೆಹುಳಿ ಹಾಕಬಹುದಾ ಎಂದು ಕೇಳುವವರಿದ್ದಾರೆ. ಅದೂ ಆಸಿಡ್ಡೇ, ಕೆಲಸ ಮಾಡುತ್ತದೆ. ಕತ್ತಿ, ಚೂರಿ ಉಜ್ಜಲು ಬಿಂಬುಳಿ ಚೆನ್ನಾಗಿದೆ. ವೈಸಿಗೆ ಸಾಕಾಗುವಷ್ಟು ಬಿಂಬುಳಿ ಯಾರ ಮನೆಯಲ್ಲಿದೆ?

ರಬ್ಬರ್ ಶೀಟಿಗೆ ಹಾಕುವ ಆಸಿಡ್, ಕಕ್ಕಸು ತೊಳೆಯುವ ಆಸಿಡ್ ಮುಟ್ಟಬೇಡಿ. ಕೈ ಸುಡುವುದು ಒಂದು. ಇನ್ನೊಂದು, ಕಕ್ಕಸಿನ ಆಸಿಡ್ಡಿನ ಹೊಗೆ ಆ ಕೋಣೆಯಲ್ಲಿರುವ ಬೇರೆಲ್ಲ ಸಾಮಾನಿಗೂ ತುಕ್ಕು ಹಿಡಿಸುತ್ತದೆ. ಒಂದು ಉಳಿ ತೊಳೆಯಲು ಹೋಗಿ ಹತ್ತು ಉಳಿ ಹಾಳು.

ವೈಸಿನ ದೊಡ್ಡ ಮೈಗೆ ಕರೆಂಟಿನ ವಿಧಾನವೇ ಸುಲಭ. ದೊಡ್ಡ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ನೀರು, ನಾಲ್ಕು ಲೀಟರಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ. ಹಳೆ ಮಾದರಿಯ 12 ವೋಲ್ಟ್ ಬ್ಯಾಟರಿ ಚಾರ್ಜರ್ ಬೇಕು. ಈಗಿನ ಆಟೋಮ್ಯಾಟಿಕ್ ಚಾರ್ಜರುಗಳು ಬ್ಯಾಟರಿ ಕಾಣದಿದ್ದರೆ ಶುರುವೇ ಆಗುವುದಿಲ್ಲ. ಕಪ್ಪು ಕ್ಲಿಪ್, ಅಂದರೆ ಮೈನಸ್, ವೈಸಿಗೆ. ಕೆಂಪು ಕ್ಲಿಪ್ ನೀರಿನಲ್ಲಿ ಇಳಿಬಿಟ್ಟ ಕಬ್ಬಿಣದ ಸರಳಿನ ತುಂಡುಗಳಿಗೆ. ಅದಲು ಬದಲು ಮಾಡಿದರೆ ತಿನ್ನುವುದು ತುಕ್ಕನ್ನಲ್ಲ, ವೈಸನ್ನು. ಸರಳು ವೈಸಿಗೆ ತಾಗಬಾರದು. ಸ್ವಿಚ್ ಹಾಕಿದ ಸ್ವಲ್ಪ ಹೊತ್ತಿಗೆ ವೈಸಿನ ಮೈಯಿಂದ ಸಣ್ಣ ಗುಳ್ಳೆಗಳು ಏಳುತ್ತವೆ. ಮೇಲೆ ಕೊಳಕು ಕಂದು ನೊರೆ ಕಟ್ಟುತ್ತದೆ. ಒಂದು ಹಗಲಿನಲ್ಲಿ ತುಕ್ಕು ಸಡಿಲವಾಗಿ ಕಪ್ಪಗೆ ಆಗಿರುತ್ತದೆ, ಬ್ರಶ್ಶಿನಲ್ಲಿ ಉಜ್ಜಿದರೆ ಕೆಸರಿನ ಹಾಗೆ ಬರುತ್ತದೆ. ಈ ವಿಧಾನ ಒಳ್ಳೆ ಕಬ್ಬಿಣವನ್ನು ತಿನ್ನುವುದಿಲ್ಲ, ಅದೇ ಇದರ ಗುಣ.

ಆದರೆ ಮೂರು ಕಟ್ಟುನಿಟ್ಟು. ಸರಳಿನ ಬದಲು ಸ್ಟೇನ್‌ಲೆಸ್ ಸ್ಟೀಲ್ ಹಾಕಬೇಡಿ, ಅದರಿಂದ ವಿಷದ ಕ್ರೋಮಿಯಂ ನೀರಿಗಿಳಿಯುತ್ತದೆ. ಸೋಡಾ ಬದಲು ಅಡುಗೆ ಉಪ್ಪು ಹಾಕಬೇಡಿ, ಕ್ಲೋರಿನ್ ಬರುತ್ತದೆ. ಆ ಗುಳ್ಳೆಗಳಲ್ಲಿರುವುದು ಹೈಡ್ರೋಜನ್, ಹಾಗಾಗಿ ಹಟ್ಟಿಯೊಳಗೆ ಬೇಡ. ಹೊರಗೆ ಮಾಡಿನ ಕೆಳಗೆ ಗಾಳಿ ಆಡುವಲ್ಲಿ ಇಡಿ, ಬೀಡಿ ಸೇದುವವರನ್ನು ದೂರ ಇಡಿ. ಕೈ ಹಾಕುವ ಮುಂಚೆ ಸ್ವಿಚ್ ತೆಗೆಯಬೇಕು ಎಂದು ಬೇರೆ ಹೇಳಬೇಕಾಗಿಲ್ಲ. ಸ್ಪ್ರಿಂಗ್, ಉಳಿ, ಕೀಸುಳಿಯ ಅಲಗು ಇದಕ್ಕೆ ಹಾಕಬೇಡಿ. ಗಟ್ಟಿ ಹದದ ಉಕ್ಕು ಹೈಡ್ರೋಜನ್ ಕುಡಿದು ಪೆಡಸಾಗುತ್ತದೆ. ಅಲ್ಯೂಮಿನಿಯಂ ಭಾಗವೂ ಬೇಡ, ಸೋಡಾ ಅದನ್ನು ತಿನ್ನುತ್ತದೆ.

ಬಣ್ಣ ಬಳಿಯುವ ಉತ್ಸಾಹ ಸ್ವಲ್ಪ ತಡೆಯಿರಿ. ಮೈಗೆ ಪ್ರೈಮರ್ ಮೇಲೆ ಒಂದು ಕೋಟ್ ಇನಾಮಲ್ ಸಾಕು. ಜಾರುವ ಭಾಗ, ಸ್ಕ್ರೂ, ಬಾಯಿಗೆ ಬಣ್ಣ ತಾಗಬಾರದು. ಕನ್ನಡಿ ಹಾಗೆ ಪಾಲಿಶ್ ಮಾಡಿ ಫೋಟೋ ಹಾಕುವವರನ್ನು ನೋಡಿ ನೀವೂ ಆ ಕಡೆ ಹೋಗಬೇಡಿ. ಗ್ರೈಂಡರ್ ಹಿಡಿದು ಹಳೆಯ ಮುದ್ರೆ, ಅಕ್ಷರ ಎಲ್ಲ ಅಳಿಸಿಬಿಡುತ್ತಾರೆ. ನಿಮಗೆ ಬೇಕಾದದ್ದು ಕೆಲಸಕ್ಕೆ ಬರುವ ವೈಸ್, ಷೋಕೇಸಿನದಲ್ಲ.

ಈಗ ಮಳೆಗಾಲದ ಮಾತು. ನಿಮ್ಮ ಪ್ರಶ್ನೆಯಲ್ಲಿ ನನಗೆ ಹೆಚ್ಚು ಚಿಂತೆ ಹುಟ್ಟಿಸಿದ್ದು ವೈಸಲ್ಲ, ಹಟ್ಟಿ. ನಮ್ಮ ಜಿಲ್ಲೆಗೆ ವರ್ಷಕ್ಕೆ ಸುಮಾರು ಮೂರೂವರೆ ಸಾವಿರ ಮಿಲಿಮೀಟರ್ ಮಳೆ. ಗಾಳಿಯ ತೇವ 60 ಶೇಕಡಾ ದಾಟಿದರೆ ಕಬ್ಬಿಣಕ್ಕೆ ತುಕ್ಕು ಏರುವ ವೇಗ ಜಾಸ್ತಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಅದಕ್ಕಿಂತ ಕೆಳಗಿಳಿಯುವುದೇ ಅಪರೂಪ. ಅದರ ಮೇಲೆ ಹಳೆ ಹಟ್ಟಿಯ ಗೋಡೆ. ವರ್ಷಗಟ್ಟಲೆ ಗಂಜಲ ಕುಡಿದ ಗೋಡೆಯಲ್ಲಿ ಉಪ್ಪಿನ ಅಂಶ ತುಂಬಿರುತ್ತದೆ. ಅದು ಗಾಳಿಯಿಂದ ನೀರು ಎಳೆದುಕೊಂಡು ಮಳೆ ತಾಗದಿದ್ದರೂ ಬೆವರುತ್ತದೆ. ಆ ಗೋಡೆಗೆ ಮೊಳೆ ಹೊಡೆದು ಉಳಿ, ಗರಗಸ ನೇತುಹಾಕಬೇಡಿ. ಗೋಡೆಯಿಂದ ಒಂದು ಗೇಣು ಬಿಟ್ಟು ಮರದ ಚೌಕಟ್ಟು ನಿಲ್ಲಿಸಿ, ಅದಕ್ಕೆ ಹಾಕಿ. ನೆಲದ ಮೇಲೆ ಯಾವುದನ್ನೂ ಇಡಬೇಡಿ.

ಇನ್ನೊಂದು ಮುಖ್ಯ ಮಾತು, ತೋಟದವರು ಇದನ್ನು ಗಮನಿಸುವುದೇ ಇಲ್ಲ. ಅಡಿಕೆಗೆ ಮದ್ದು ಬಿಡುವ ಮೈಲುತುತ್ತು, ಪೊಟಾಷ್ ಚೀಲ, ಮದ್ದು ಬಿಡುವ ಪಂಪು, ಇವೆಲ್ಲ ಸಾಮಾನ್ಯವಾಗಿ ಹಟ್ಟಿಯ ಮೂಲೆಯಲ್ಲೇ ಇರುತ್ತವೆ. ಮೈಲುತುತ್ತು ಅಂದರೆ ತಾಮ್ರದ ಉಪ್ಪು. ಅದರ ನೀರು ಕಬ್ಬಿಣಕ್ಕೆ ತಾಗಿದರೆ ಕಬ್ಬಿಣ ಕರಗುತ್ತದೆ, ತಾಮ್ರ ಮೇಲೆ ಕೂರುತ್ತದೆ. ಮೈಲುತುತ್ತಿನ ನೀರಿನಲ್ಲಿ ಒಂದು ಮೊಳೆ ಅದ್ದಿ ನೋಡಿ, ನಿಮಿಷದಲ್ಲಿ ಕೆಂಪಗಾಗುತ್ತದೆ. ತೋಟಕ್ಕೆ ಹಾಕುವ ಮ್ಯೂರಿಯೇಟ್ ಆಫ್ ಪೊಟಾಷ್ ಉಪ್ಪಿನ ಅಣ್ಣನೇ, ತೇವ ಎಳೆದು ಕ್ಲೋರೈಡ್ ಹರಡುತ್ತದೆ. ವರ್ಕ್‌ಶಾಪ್ ಮಾಡುವುದಾದರೆ ಇವೆಲ್ಲ ಬೇರೆ ಮಾಡಿನ ಕೆಳಗೆ ಹೋಗಬೇಕು. ಇದೊಂದು ಮಾಡದೆ ಎಷ್ಟು ಎಣ್ಣೆ ಹಚ್ಚಿದರೂ ಸುಮ್ನೆ.

ಎಣ್ಣೆಯ ವಿಷಯದಲ್ಲಿ ಕೊಬ್ಬರಿ ಎಣ್ಣೆ ಬೇಡ. ಕೈಗೆ ಸಿಗುತ್ತದೆ ಎಂದು ಎಲ್ಲರೂ ಅದನ್ನೇ ಹಚ್ಚುತ್ತಾರೆ. ತಿಂಗಳು ಕಳೆದರೆ ಕಮಟು ವಾಸನೆ ಬಂದು ಅಂಟಂಟಾಗುತ್ತದೆ, ಅಂಟಿಗೆ ಮರದ ಪುಡಿ ಹಿಡಿದು ಅದೇ ತೇವ ಇಟ್ಟುಕೊಳ್ಳುತ್ತದೆ. ದಿನಾ ಬಳಸುವ ಸಾಮಾನಿಗೆ ಹೊಲಿಗೆ ಮೆಷಿನ್ ಎಣ್ಣೆ ಒಳ್ಳೆಯದು. ಮಳೆಗಾಲ ಪೂರ್ತಿ ಎತ್ತಿಡುವುದಕ್ಕೆ ಗ್ರೀಸ್ ಅಥವಾ ಮೇಣ. ಒಂದು ಪಾಲು ಜೇನುಮೇಣ ತುರಿದು ಮೂರು ಪಾಲು ಟರ್ಪಂಟೈನಿನಲ್ಲಿ ಹಾಕಿ ಮುಚ್ಚಿಡಿ. ಒಂದೆರಡು ದಿನದಲ್ಲಿ ತಾನೇ ಕರಗಿ ಮುಲಾಮಿನ ಹಾಗಾಗುತ್ತದೆ. ಒಲೆ ಮೇಲೆ ಇಟ್ಟು ಅವಸರ ಮಾಡಬೇಡಿ, ಟರ್ಪಂಟೈನಿಗೆ ಬೆಂಕಿ ಹತ್ತುತ್ತದೆ. ಕೀಸುಳಿಯ ತಳಕ್ಕೆ, ಗರಗಸಕ್ಕೆ ಇದು ಬಹಳ ಚೆನ್ನಾಗಿದೆ, ಮರಕ್ಕೆ ಎಣ್ಣೆ ಕಲೆಯೂ ಆಗುವುದಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುವುದು, ಗೋಣಿಯಲ್ಲಿ ಸುತ್ತಿಡುವುದು ಎರಡೂ ತೇವವನ್ನು ಒಳಗೆ ಹಿಡಿದಿಟ್ಟ ಹಾಗೆ. ಅಳತೆಯ ಸಾಮಾನು, ಒಳ್ಳೆ ಉಳಿಗಳಿಗೆ ಬಾಗಿಲಿರುವ ಮರದ ಪೆಟ್ಟಿಗೆ ಮಾಡಿ, ಒಳಗೆ 15 ವ್ಯಾಟಿನ ಹಳೆ ಮಾದರಿಯ ಬಲ್ಬ್ ಉರಿಯಲಿ. ಎಲ್‌ಇಡಿ ಬೇಡ, ನಮಗೆ ಬೇಕಾದದ್ದು ಬೆಳಕಲ್ಲ, ಬಿಸಿ. ಪೆಟ್ಟಿಗೆಯೊಳಗೆ ನಾಲ್ಕೈದು ಡಿಗ್ರಿ ಏರಿದರೆ ತೇವ ಸಾಕಷ್ಟು ಇಳಿಯುತ್ತದೆ. ಬಲ್ಬಿನ ಸುತ್ತ ಜಾಲರಿ ಹಾಕಿ, ಮರಕ್ಕೆ, ಬಟ್ಟೆಗೆ ತಾಗದ ಹಾಗಿರಲಿ.

ಕೊನೆಗೆ ಗ್ರೈಂಡರ್. ಪುಕ್ಕಟೆ ಕೊಟ್ಟರೆ ಮೋಟರಿಗಾಗಿ ತೆಗೆದುಕೊಳ್ಳಿ, ದುಡ್ಡು ಕೊಟ್ಟು ಬೇಡ. ಮಳೆಯಲ್ಲಿ ನೆನೆದ ಮೋಟರಿನ ವೈಂಡಿಂಗ್ ಒಳಗೆ ಹೇಗಿದೆ ಎಂದು ಹೊರಗಿಂದ ಗೊತ್ತಾಗುವುದಿಲ್ಲ. ಪ್ಲಗ್ ಹಾಕುವ ಮುಂಚೆ ವೈಂಡಿಂಗಿನವರ ಹತ್ತಿರ ಮೆಗ್ಗರಿನಲ್ಲಿ (ಕರೆಂಟ್ ಸೋರುತ್ತದೆಯಾ ಎಂದು ನೋಡುವ ಮೀಟರ್) ಚೆಕ್ ಮಾಡಿಸಿ, ಅರ್ತಿಂಗ್ ಸರಿ ಮಾಡಿಸಿ. ಅದರಲ್ಲಿರುವ ಕಲ್ಲನ್ನು ಮಾತ್ರ ಯಾವ ಕಾರಣಕ್ಕೂ ಓಡಿಸಬೇಡಿ. ಎಷ್ಟು ಸಲ ಕೆಳಗೆ ಬಿದ್ದಿದೆ, ಎಷ್ಟು ನೀರು ಕುಡಿದಿದೆ ಎಂದು ಯಾರಿಗೂ ಗೊತ್ತಿಲ್ಲ. ಓಡುವಾಗ ಒಡೆದರೆ ತುಂಡು ಮುಖಕ್ಕೇ ಬರುತ್ತದೆ. ಹೊಸ ಕಲ್ಲು ತಂದರೂ ಹಾಕುವ ಮುಂಚೆ ನಡುವಿನ ತೂತಿಗೆ ಬೆರಳು ತೂರಿಸಿ ನೇತಾಡಿಸಿ, ಸ್ಕ್ರೂಡ್ರೈವರಿನ ಹಿಡಿಯಲ್ಲಿ ಮೆಲ್ಲಗೆ ತಟ್ಟಿ. ಟಣ್ ಎಂದರೆ ಸರಿ. ಬೊದ್ದು ಶಬ್ದ ಬಂದರೆ ಅಂಗಡಿಗೆ ವಾಪಸ್ ಕೊಡಿ. ಕಲ್ಲಿನ ಮೇಲೆ ಬರೆದಿರುವ ಆರ್‌ಪಿಎಂ ನಿಮ್ಮ ಮೋಟರಿನದ್ದಕ್ಕಿಂತ ಜಾಸ್ತಿ ಇರಬೇಕು. ಮೊದಲ ಸಲ ಸ್ವಿಚ್ ಹಾಕುವಾಗ ಪಕ್ಕಕ್ಕೆ ನಿಂತು ಒಂದು ನಿಮಿಷ ಖಾಲಿ ಓಡಿಸಿ.